ಫೋನು ಕೈಯಲ್ಲಿ, ಫೋಟೋ ಪೇಟೆಯಲ್ಲಿ

ಬ್ಯಾಡಗಿಯಲ್ಲಿ ಜಂಪರ ಹೊಲಿಸಬೇಕೆಂದರೆ ಹೆಂಗಸರು ಮೊದಲು ನೆನೆಯುವುದು ಸುಗರಾಬಿಯನ್ನು. ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅವಳ ಮನೆ, ಮುಂದಿನ ಕೋಣೆಯೇ ಅಂಗಡಿ. ಸುಗ್ಗಿಯ ದಿನಗಳಲ್ಲಿ ಘಾಟು ಒಳಗೆ ನುಗ್ಗಿ ಅಳತೆ ಕೊಡುವವರೂ ತೆಗೆಯುವವಳೂ ಒಟ್ಟಿಗೇ ಸೀನುತ್ತಾರೆ. ಆದರೂ ಐರಣಿಯಿಂದ, ಹೊಸರಿತ್ತಿಯಿಂದ ಹೆಣ್ಣುಮಕ್ಕಳು ಬಸ್ಸು ಹತ್ತಿ ಬರುವುದು ತಪ್ಪಿಲ್ಲ.

ಫೋನು ಬಂದ ಮೇಲೆ ಸುಗರಾಬಿಯ ಅರ್ಧ ಕೆಲಸ ಹಗುರಾಗಿತ್ತು. ಎಂಥ ಕುತ್ತಿಗೆ ಬೇಕು, ಎಂಥ ತೋಳು ಬೇಕು ಎಂದು ಗಿರಾಕಿಗಳು ವಾಟ್ಸಾಪಿನಲ್ಲೇ ಫೋಟೋ ಕಳಿಸುತ್ತಿದ್ದರು. ಕೆಲವರು ಜಂಪರ ತೊಟ್ಟು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ತೋರಿಸಲು ತಮ್ಮದೇ ಫೋಟೋ ಹಾಕುತ್ತಿದ್ದರು. ಅಷ್ಟೆಲ್ಲ ಇದ್ದ ಫೋನಿಗೆ ಲಾಕ್ ಇರಲಿಲ್ಲ. ಕತ್ತರಿ ಹಿಡಿದ ಕೈಯಲ್ಲಿ ಪ್ರತಿ ಸಲ ನಂಬರ್ ಒತ್ತುತ್ತ ಕೂರುವುದು ಯಾರಿಗೆ ಬೇಕು ಎಂಬುದು ಅವಳ ವಾದ.

ಪಕ್ಕದ ಮನೆಯ ಸುರೇಖಾ ರಾಣೆಬೆನ್ನೂರಿನ ಹೈಸ್ಕೂಲೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಫೋನಿಗೊಂದು ಲಾಕ್ ಹಾಕಿಕೊಳ್ಳಿ ಎಂದು ಅವಳು ಹೇಳಿ ನೋಡಿದ್ದಳು.

“ಮುಚ್ಚಿಡಾಕ ನನ್ನ ಹತ್ರ ಏನೈತ್ರಿ ಟೀಚರ?” ಎಂದು ಸುಗರಾಬಿ ನಕ್ಕಿದ್ದಳು. “ಕಳ್ಳ ತಗದ್ರ ಜಂಪರಿನ ಅಳತಿ ಸಿಗತಾವ. ಬೇಕಾದ್ರ ಹೊಲಕೊಳ್ಳಲಿ.”

ಸುರೇಖಾಳೂ ನಕ್ಕು ತನ್ನ ಬಸ್ಸಿಗೆ ಹೊರಟಿದ್ದಳು.

ಹೀಗಿರುವಾಗ ಒಂದು ದಿನ ಸುಗರಾಬಿ ಕಸೂತಿಯ ಚಿತ್ರಗಳನ್ನು ಪ್ರಿಂಟ್ ತೆಗೆಸಲು ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋದಳು. ಅಂಗಡಿಯ ಲಕ್ಕಪ್ಪ ಅವಳ ಫೋನಿನಿಂದ ಸ್ಕ್ಯಾನ್ ಮಾಡಿ ತನ್ನ ಕಂಪ್ಯೂಟರಿನಲ್ಲಿ ಅವಳ ವಾಟ್ಸಾಪ್ ತೆರೆದು ಚಿತ್ರಗಳನ್ನು ತೆಗೆದುಕೊಟ್ಟ. ಮುಚ್ಚಲೇ ಎಂದು ಅವನು ಕೇಳಿದಾಗ, ನಾಳೆ ಮತ್ತೆ ಬರುವುದಿದೆ, ಇರಲಿ ಬಿಡು ಎಂದಳು. ಆಮೇಲೆ ಅದನ್ನು ಅವಳೂ ಮರೆತಳು, ಅವನೂ ಮರೆತ.

ಐರಣಿಯ ಶ್ರೀದೇವಿಗೆ ಮದುವೆ ಗೊತ್ತಾಗಿತ್ತು. ಮದುವೆಯ ಜಂಪರ ತೊಟ್ಟು ನೋಡಿ, ಬೆನ್ನಿನ ಹತ್ತಿರ ಎಳೆಯುತ್ತಿದೆ ಎಂದು ಸುಗರಾಬಿಗೆ ಫೋಟೋ ಕಳಿಸಿದಳು. ಬಿಗಿ ಬಿಡಿಸಲು ಜಂಪರವನ್ನೂ ತಂದುಕೊಟ್ಟಳು. ಕೆಲವು ದಿನಗಳ ನಂತರ ಅದನ್ನು ಒಯ್ಯಲು ತಂದೆ ಶಂಕ್ರಪ್ಪನ ಜೊತೆ ಬ್ಯಾಡಗಿಗೆ ಬಂದವಳು, ಮೊದಲು ಏನೋ ಪ್ರಿಂಟ್ ತೆಗೆಸಲು ಲಕ್ಕಪ್ಪನ ಅಂಗಡಿಗೆ ಹೋದಳು. ಅವಳ ಫೈಲು ಹುಡುಕುತ್ತಿದ್ದ ಲಕ್ಕಪ್ಪ, ತೆರೆದೇ ಉಳಿದಿದ್ದ ಸುಗರಾಬಿಯ ವಾಟ್ಸಾಪನ್ನು ತನ್ನದೇ ಎಂದುಕೊಂಡು ಒತ್ತಿದ. ಪರದೆಯ ತುಂಬ ಶ್ರೀದೇವಿಯ ಫೋಟೋ ಬಂತು. ಹಿಂದೆ ಸರದಿಯಲ್ಲಿ ನಿಂತವರು ನೋಡಿದರು, ಪಕ್ಕದಲ್ಲಿದ್ದ ಅಪ್ಪನೂ ನೋಡಿದ.

ಅಲ್ಲಿಂದ ಶ್ರೀದೇವಿ ನೇರ ಸುಗರಾಬಿಯ ಮನೆಗೆ ಬಂದಳು. ಕೂಗಾಡಲಿಲ್ಲ.

“ಚಾಚಿ, ನಾ ಫೋಟೋ ಕಳಿಸಿದ್ದು ನಿಮಗ. ಊರಿಗಲ್ಲ. ಲಕ್ಕಪ್ಪನ ಕಂಪ್ಯೂಟರಿನಾಗ ಎಲ್ಲಾರೂ ನೋಡಿದ್ರು.”

ಸುಗರಾಬಿಗೆ ತಲೆಬುಡ ತಿಳಿಯಲಿಲ್ಲ. ಫೋನು ಎತ್ತಿ ಹಿಡಿದಳು. “ಇದು ನನ್ನ ಕೈಯಾಗ ಐತೆಲ್ಲ ತಂಗಿ. ಫೋಟೋ ಅಲ್ಲಿ ಹೆಂಗ ಹೋದೀತು?”

ಶ್ರೀದೇವಿ ಬಿಗಿ ಬಿಡಿಸಲೆಂದು ಬಿಚ್ಚಿ ಇನ್ನೂ ಕೂಡಿಸದಿದ್ದ ತೋಳುಗಳ ಸಮೇತ ಜಂಪರ ಎತ್ತಿಕೊಂಡು ಹೊರಟುಹೋದಳು.

ಅಂದು ಸುಗರಾಬಿ ಹೊಲಿಗೆ ಮುಟ್ಟಲಿಲ್ಲ. ತನ್ನ ಹತ್ತಿರ ಮುಚ್ಚಿಡುವಂಥದ್ದು ಇಲ್ಲದಿರಬಹುದು, ಆದರೆ ಆ ಹುಡುಗಿಯ ಮಾನ ತನ್ನ ಕೈಯಲ್ಲಿತ್ತಲ್ಲ ಎಂದು ಒಳಗೊಳಗೇ ಬೆಂದಳು. ಈ ಫೋನಿನ ಸಹವಾಸವೇ ಬೇಡವೆಂದು ಸಿಮ್ ತೆಗೆದು ಗಂಡ ಫಕ್ಕೀರಸಾಬನ ಹಳೆಯ ಬಟನ್ ಫೋನಿಗೆ ಹಾಕಿದಳು. ದೊಡ್ಡ ಫೋನನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಳು.

ಫಜೀತಿ ಶುರುವಾದದ್ದೇ ಆಮೇಲೆ. ಹುಕ್ಕು ಮುಂದೋ ಹಿಂದೋ ಎಂದು ಹೇಳಲು ಹೊಸರಿತ್ತಿಯ ಉಡಚವ್ವ ಬಸ್ಸು ಹತ್ತಿ ಬರಬೇಕಾಯಿತು. ಬಟ್ಟೆಯ ಬಣ್ಣ ಕೇಳಿ ಬಾ, ಲೇಸು ತೋರಿಸಿ ಬಾ ಎಂದು ಫಕ್ಕೀರಸಾಬ ಓಣಿ ಓಣಿ ತಿರುಗಿದ.

“ಫೋನಿಗೆ ರಿಚಾರ್ಜ್ ಮಾಡಸೂದು ಉಳೀತು. ಇನ್ನ ನನ್ನ ಕಾಲಿಗೆ ಮಾಡಸು,” ಎಂದು ಅವನು ಕಟ್ಟೆಯ ಮೇಲೆ ಕುಸಿದು ಕೂತಾಗ, ಶಾಲೆಯಿಂದ ಬರುತ್ತಿದ್ದ ಸುರೇಖಾ ಏನಾಯಿತೆಂದು ವಿಚಾರಿಸಿದಳು. ಸುಗರಾಬಿ ಎಲ್ಲವನ್ನೂ ಹೇಳಿಕೊಂಡಳು.

“ಆಪಾ, ಫೋನ್ ಟ್ರಂಕಿನಾಗ ಇಟ್ಟೀರಿ ಖರೇ,” ಎಂದಳು ಸುರೇಖಾ. “ಲಕ್ಕಪ್ಪನ ಕಂಪ್ಯೂಟರಿನಾಗ ನಿಮ್ಮ ವಾಟ್ಸಾಪ್ ಇನ್ನೂ ತೆರದ ಇರಬೇಕು.”

ಸುಗರಾಬಿ ಓಡಿ ಹೋಗಿ ಟ್ರಂಕು ತೆಗೆದಳು, ಸಿಮ್ ಮತ್ತೆ ದೊಡ್ಡ ಫೋನಿಗೆ ಹಾಕಿದಳು.

ವಾಟ್ಸಾಪಿನ ಮೇಲಿನ ಮೂರು ಚುಕ್ಕೆ ಒತ್ತಿ, ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಹೋಗಲು ಸುರೇಖಾ ಹೇಳಿದಳು. ನಮ್ಮ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಎಂಬುದು ಅಲ್ಲಿ ಕಾಣುತ್ತದೆ. ಲಕ್ಕಪ್ಪನ ಕಂಪ್ಯೂಟರ್ ಇತ್ತು. ಅದನ್ನು ಮುಟ್ಟಿ ‘ಲಾಗೌಟ್’ ಒತ್ತಿದಳು ಸುಗರಾಬಿ. ಇಷ್ಟೇನಾ ಎಂದು ಕೇಳಿದಳು. ಇಷ್ಟೇ.

ಆದರೂ ಅವಳ ಹೆದರಿಕೆ ಹೋಗಲಿಲ್ಲ. ಫೋನೇ ಬೇಡ ಎಂದಳು.

“ಅಳತಿ ತಗೊಳ್ಳಾಗ ನೀವು ಅಂಗಡಿ ಬಾಗಲಾ ಮುಚ್ಚತೀರೇನು?” ಎಂದು ಸುರೇಖಾ ಕೇಳಿದಳು. “ಪರದೆ ಅಷ್ಟ ಎಳಿತೀರಿ. ಫೋನಿಗೂ ಅಷ್ಟ ಸಾಕ್ರಿ.”

ಆ ಮಾತು ಸುಗರಾಬಿಗೆ ನಾಟಿತು. ಬೆರಳಚ್ಚಿನ ಲಾಕ್ ಹಾಕಿಸಿಕೊಂಡಳು. ಕತ್ತರಿ ಹಿಡಿದು ಸವೆದ ಬಲಗೈ ಹೆಬ್ಬೆರಳನ್ನು ಫೋನು ಒಪ್ಪಲಿಲ್ಲ, ಎಡಗೈ ತೋರುಬೆರಳನ್ನು ಒಪ್ಪಿತು. ಫೋನಿನ ಆಪ್‌ಗಳು ಏನೇನು ಕೇಳಿ ಪಡೆದಿವೆ ಎಂದು ಇಬ್ಬರೂ ಕೂತು ನೋಡಿದರು. ಬ್ಯಾಟರಿ ಬೆಳಕಿನ ಆಪ್‌ಗೆ ಫೋಟೋಗಳು ಯಾಕೆ ಬೇಕು ಎಂದು ಸುಗರಾಬಿಯೇ ಕೇಳಿದಳು, ತಾನೇ ಅದನ್ನು ಕಿತ್ತುಹಾಕಿದಳು. ಮ್ಯಾಪ್ ಮಾತ್ರ ಬಿಡಲು ಒಪ್ಪಲಿಲ್ಲ. ಗಿರಾಕಿಗಳ ಮನೆ ಹುಡುಕಲು ಫಕ್ಕೀರಸಾಬನಿಗೆ ಅದು ಬೇಕು. ಹಾಗಾದರೆ ಬಳಸುವಾಗ ಮಾತ್ರ ಅದಕ್ಕೆ ನಮ್ಮ ಜಾಗ ತಿಳಿಯಲಿ ಎಂದು ಸುರೇಖಾ ಹಾಗೆ ಮಾಡಿಕೊಟ್ಟಳು.

ಮರುದಿನವೇ ಸುಗರಾಬಿ ಐರಣಿಗೆ ಹೋದಳು. ಶಂಕ್ರಪ್ಪ ಮುಖ ತಿರುಗಿಸಿಕೊಂಡು ಕೂತ. ಅವನ ಹೆಂಡತಿ ಪ್ರೇಮವ್ವ ಮಾತ್ರ ನೀರು ತಂದುಕೊಟ್ಟಳು. ಲಕ್ಕಪ್ಪನದೇನೂ ತಪ್ಪಿಲ್ಲ, ಇರಲಿ ಬಿಡು ಎಂದವಳು ತಾನೇ ಎಂದು ಸುಗರಾಬಿ ನಡೆದದ್ದನ್ನು ನಡೆದಂತೆ ಹೇಳಿದಳು. ಶ್ರೀದೇವಿಯ ಎದುರೇ ಅವಳ ಫೋಟೋ ಅಳಿಸಿದಳು. ಕಂಪ್ಯೂಟರಿನ ನಂಟು ಕಡಿದದ್ದನ್ನೂ ತೋರಿಸಿದಳು.

ಶ್ರೀದೇವಿ ಒಳಗೆ ಹೋಗಿ ತನ್ನ ಫೋನು ತಂದಳು. “ಚಾಚಿ, ನಂದೂ ಹಂಗ ಎಲ್ಲೆರ ತೆರದಿದ್ದೀತೇನು? ನೋಡ್ರಿ.”

ನೋಡಿದರೆ, ಇತ್ತು. ಅರ್ಜಿ ತುಂಬಿಸಲು ಹಾವೇರಿಗೆ ಹೋದಾಗ ಯಾವುದೋ ಅಂಗಡಿಯಲ್ಲಿ ತೆರೆದದ್ದು ಹಾಗೇ ಉಳಿದಿತ್ತು. ಸುಗರಾಬಿ ಹೇಳಿಕೊಟ್ಟಳು, ಶ್ರೀದೇವಿ ಲಾಗೌಟ್ ಒತ್ತಿದಳು. ಶಂಕ್ರಪ್ಪ ಮೆಲ್ಲಗೆ ಈ ಕಡೆ ತಿರುಗಿ ತನ್ನ ಫೋನನ್ನೂ ಮುಂದೆ ಚಾಚಿದ. ಪ್ರೇಮವ್ವನಿಗೆ ನಗು ತಡೆಯಲಾಗಲಿಲ್ಲ.

ಸುಗರಾಬಿ ಐರಣಿಯಿಂದ ಹೊರಟಾಗ ಮದುವೆಯ ಜಂಪರ ಅವಳ ಚೀಲದಲ್ಲಿತ್ತು. ಲಕ್ಕಪ್ಪ ಈಗ ಪ್ರತಿಯೊಬ್ಬರ ಕೆಲಸ ಮುಗಿದ ಕೂಡಲೇ ಅವರೆದುರಿಗೇ ಎಲ್ಲವನ್ನೂ ಮುಚ್ಚುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಫೋನು ಬಿಡಿ ಎಂದು ಯಾರೂ ಹೇಳುತ್ತಿಲ್ಲ. ಅದಕ್ಕೊಂದು ಲಾಕ್ ಇರಲಿ. ಬೇಡದ ಆಪ್‌ಗೆ ನಿಮ್ಮ ಫೋಟೋ, ನಿಮ್ಮ ಜಾಗ ಕೊಡಬೇಡಿ. ಪ್ರಿಂಟ್ ಬೇಕಿದ್ದರೆ ಆ ಒಂದು ಚಿತ್ರವನ್ನಷ್ಟೇ ಕಳಿಸಿ, ಇಡೀ ವಾಟ್ಸಾಪ್ ತೆರೆದುಕೊಡಬೇಡಿ. ನಿಮ್ಮ ಫೋನಿನಲ್ಲಿ ನಿಮ್ಮನ್ನು ನಂಬಿದವರ ಗುಟ್ಟೂ ಇದೆ. ಇದನ್ನು ಓದಿ ಮುಗಿಸಿದ ಕೈಯಿಂದಲೇ ವಾಟ್ಸಾಪಿನ ಆ ಮೂರು ಚುಕ್ಕೆ ಒತ್ತಿ ನೋಡಿ.