ಗಡ್ಡಕ್ಕೆ ಏನು ಗೊತ್ತು?

ಇಡೀ ಭೂಮಂಡಲದಲ್ಲಿ ಗಡ್ಡವನ್ನು ಸಂದರ್ಶನ ಮಾಡಿದ ಮೊದಲ ವ್ಯಕ್ತಿ ನಾನೇ. ನಂಬಿಕೆ ಇಲ್ಲದಿದ್ದರೆ ನಮ್ಮ ಚಿಕ್ಕಮ್ಮನನ್ನು ಕೇಳಿ. ಅವಳು ಸುಳ್ಳು ಎಂದರೆ ಅದು ಹೊಟ್ಟೆಕಿಚ್ಚು ಎಂದು ತಿಳಿಯಿರಿ.

ಚಿಕ್ಕಮ್ಮನದು ನಾಟಕದ ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ. ಬೀದಿಯ ತಿರುವಿನಲ್ಲಿ, ಬೀಗ ರಿಪೇರಿಯವನ ಪಕ್ಕ, ಎರಡೇ ಕೋಣೆ. ಮುಂದಿನ ಕೋಣೆಯ ಗೋಡೆ ತುಂಬ ಕೊಕ್ಕೆಗಳು. ಕೊಕ್ಕೆಗಳ ತುಂಬ ಕಿರೀಟ, ಕತ್ತಿ, ನಿಲುವಂಗಿ, ಗಡ್ಡ. ಗಡ್ಡಗಳೇ ನಾಲ್ಕು ಸಾವಿರ. ಚಿಕ್ಕಮ್ಮ ನಲವತ್ತು ಎನ್ನುತ್ತಾಳೆ; ಎಣಿಸುವ ವಿಷಯದಲ್ಲಿ ಅವಳದು ಬಹಳ ಬಿಗಿ ಕೈ. ಹಿಂದಿನ ಕೋಣೆಯಲ್ಲಿ ಒಂದು ತೊಟ್ಟಿ, ಒಂದು ಇಸ್ತ್ರಿ ಮೇಜು ಮತ್ತು ಚಿಕ್ಕಪ್ಪ. ಚಿಕ್ಕಪ್ಪ ಬಾಯಿ ಬಿಟ್ಟದ್ದನ್ನು ಕಂಡವರು ಆ ಬೀದಿಯಲ್ಲಿ ಮೂರೇ ಜನ. ಅವರಲ್ಲಿ ಇಬ್ಬರು ಈಗ ಇಲ್ಲ.

ಹಿಂದಿನ ತಿಂಗಳು ಅಂಗಡಿಯ ಮಾನ ಹೋಗಿತ್ತು. ದೊಡ್ಡ ನಾಟಕ ತಂಡದ ನಿರ್ದೇಶಕರು ಕಾದಿರಿಸಿದ ಬಿಳಿ ರಾಜಗಡ್ಡ, ಅವರು ಬಂದಾಗ ಕೊಕ್ಕೆಯಲ್ಲಿ ಇರಲಿಲ್ಲ. ಗಾಬರಿಯಲ್ಲಿ ಚಿಕ್ಕಮ್ಮ ಬೇರೆ ಕೊಕ್ಕೆಗಳತ್ತ ನೋಡದೆಯೇ ಕರಡಿಯ ಮುಖವಾಡದ ಕೂದಲು ಕತ್ತರಿಸಿ ಅಂಟಿಸಿ ಕೊಟ್ಟಳು. ರಾಜ ಪ್ರಾಣ ಬಿಡುವ ದೃಶ್ಯದಲ್ಲಿ ಜನ ನಕ್ಕ ರಭಸಕ್ಕೆ ನಾಟಕಶಾಲೆಯ ಛಾವಣಿ ಒಂದು ಅಡಿ ಮೇಲೆದ್ದು ಕೂತಿತಂತೆ. ನಿರ್ದೇಶಕರು ಮಾತ್ರ ನಗಲಿಲ್ಲ.

"ಶುಕ್ರವಾರ ನಾಲ್ಕಕ್ಕೆ ಬರ್ತೀನಿ," ಎಂದರು ಈ ತಿಂಗಳ ಮೊದಲಿಗೆ. "ಇನ್ನು ಹೀಗಾಗಲ್ಲ ಅಂತ ಕಣ್ಣಿಗೆ ಕಾಣೋ ಹಾಗೆ ತೋರಿಸಿ. ಇಲ್ಲಾಂದ್ರೆ ಈ ವರ್ಷದ ಹನ್ನೆರಡು ನಾಟಕಕ್ಕೂ ಎದುರಿನ ಅಂಗಡಿ."

ಆ ತಂಡ ಹೋದರೆ ಚಿಕ್ಕಮ್ಮ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದೇ. ಆಗ ಅವಳಿಗೆ ನೆನಪಾದದ್ದು ಮೂರು ವಾರದ ಕಂಪ್ಯೂಟರ್ ತರಬೇತಿ ಮುಗಿಸಿ ಜಗದ್ವಿಖ್ಯಾತಳಾಗಿ ಮರಳಿದ್ದ ನಾನು.

"ಒಂದು ಪ್ರೋಗ್ರಾಂ ಬರ್ದುಬಿಡೇ, ಸಾಕು," ಎಂದಳು.

"ಹಾಗೆಲ್ಲ ಬರೆಯೋಕಾಗಲ್ಲ ಚಿಕ್ಕಮ್ಮ. ಮೊದಲು ಏನು ಬೇಕು ಅಂತ ತಿಳ್ಕೋಬೇಕು. ಅದೇ ಒಂದು ದೊಡ್ಡ ಶಾಸ್ತ್ರ."

"ಒಂದೇ ಗಡ್ಡ ಇಬ್ಬರಿಗೆ ಹೋಗಬಾರದು. ಮುಗೀತಲ್ಲ ನಿನ್ನ ಶಾಸ್ತ್ರ?"

"ಅದು ನಿನಗೆ ಬೇಕಾದ್ದು. ಗಡ್ಡಕ್ಕೆ ಏನು ಬೇಕು?"

ಚಿಕ್ಕಮ್ಮ ನನ್ನ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ನಾನು ವಿವರಿಸಿದೆ. ಅಂಗಡಿಯನ್ನು ಅಂಗಡಿಯಾಗಿ ನೋಡಬಾರದು, ಒಂದಕ್ಕೊಂದು ಮಾತಾಡುವ ವಸ್ತುಗಳಾಗಿ ನೋಡಬೇಕು. ಒಂದೊಂದಕ್ಕೂ ಒಂದು ಕಾರ್ಡು. ಕಾರ್ಡಿನ ಮೇಲೆ ಎರಡು ಪ್ರಶ್ನೆ: ನಿನಗೇನು ಗೊತ್ತು? ನೀನೇನು ಮಾಡ್ತೀಯ? ತನಗೆ ಗೊತ್ತಿಲ್ಲದ್ದನ್ನು ಯಾವುದು ಯಾವುದನ್ನು ಕೇಳುತ್ತದೆಯೋ ಅವೆರಡರ ನಡುವೆ ಒಂದು ಗೆರೆ. ಇಷ್ಟನ್ನು ಚಿತ್ರವಾಗಿ ಗೋಡೆಗೆ ಹಚ್ಚಿದರೆ ತಪ್ಪು ತಾನಾಗಿ ಎದ್ದು ಬಂದು ಕೈಮುಗಿಯುತ್ತದೆ.

ಗುರುವಾರ ಮಧ್ಯಾಹ್ನ ಕಾರ್ಡುಗಳನ್ನು ಹಚ್ಚಿದೆ: ಗಿರಾಕಿ, ಬುಕಿಂಗು, ಕಿರೀಟ, ಗಡ್ಡ. ಗೆರೆಗಳಿಗೆ ಏನಾದರೂ ಬೇಕಲ್ಲ ಎಂದು ಸುತ್ತ ನೋಡಿದರೆ, ಕೆಲವು ಕೊಕ್ಕೆಗಳಿಗೆ ಕೆಂಪು ದಾರ ಸುತ್ತಿತ್ತು. ಲಕ್ಷಣವಾದ ದಾರ. ಅಷ್ಟನ್ನೂ ಬಿಚ್ಚಿಕೊಂಡೆ.

"ಇದನ್ನ ಯಾರು ಕಟ್ಟಿದ್ದು?"

"ನಿಮ್ಮ ಚಿಕ್ಕಪ್ಪನ ಚಾಳಿ. ಅವರ ಕೈ ಸುಮ್ಮನಿರಲ್ಲ," ಎಂದಳು ಚಿಕ್ಕಮ್ಮ. ಚಿಕ್ಕಪ್ಪ ಸೋಪಿನ ಪುಡಿ ತರಲು ಹೋಗಿದ್ದ. ನಾನು ದಾರಗಳನ್ನು ಕಾರ್ಡಿನಿಂದ ಕಾರ್ಡಿಗೆ ಎಳೆದು ಕಟ್ಟಿದೆ. ಆಹಾ, ಗೋಡೆಯ ಅಂದಕ್ಕೆ ಬೀದಿಯಲ್ಲಿ ಹೋಗುತ್ತಿದ್ದ ಮೂವರು ಮೂರ್ಛೆ ಬಿದ್ದರು.

ಶುಕ್ರವಾರ ನಾಲ್ಕಕ್ಕೆ ಸರಿಯಾಗಿ ನಿರ್ದೇಶಕರು ಬಂದರು. ಗೋಡೆ ನೋಡಿದರು. "ಇದೇನು, ಜೇಡರ ಬಲೆ ಕಟ್ಟಿದೆ?"

"ಓದಿದ್ರೆ ಅರ್ಥ ಆಗಲ್ಲ ಸರ್, ಆಡಬೇಕು," ಎಂದು ಅವರ ಕೊರಳಿಗೇ ಒಂದು ಕಾರ್ಡು ಹಾಕಿದೆ. "ನೀವು ಗಡ್ಡ."

"ನಾನಾ? ಮೂವತ್ತು ವರ್ಷ ರಾಜನ ಪಾರ್ಟು ಮಾಡಿದೋನು ಈಗ ಗಡ್ಡನಾ?"

"ಬಡ್ತಿ ಅಂತ ತಿಳ್ಕೊಳ್ಳಿ ಸರ್," ಎಂದ ಅಂಗಡಿಯ ದರ್ಜಿಯಣ್ಣ. ಅವನ ಕೊರಳಲ್ಲಿ 'ಬುಕಿಂಗು' ತೂಗುತ್ತಿತ್ತು. ಚಿಕ್ಕಮ್ಮ ಗಿರಾಕಿಯಾದಳು.

"ಗಡ್ಡದೋರೇ, ನಿಮಗೇನು ಗೊತ್ತು?" ಎಂದು ಕೇಳಿದೆ.

ನಟನ ರಕ್ತ ಸುಮ್ಮನಿರುತ್ತದೆಯೇ? ನಿರ್ದೇಶಕರು ಎದೆ ಉಬ್ಬಿಸಿದರು. "ನನ್ನ ಬಣ್ಣ ಬಿಳಿ! ನನ್ನ ಉದ್ದ ಒಂದು ಮೊಳ! ನಾನು ಯಾರ ಜೊತೆ ಯಾವತ್ತು ಹೋಗಬೇಕು ಅನ್ನೋದು ಮಾತ್ರ ನನಗೆ ಗೊತ್ತಿಲ್ಲ. ಬುಕಿಂಗನ್ನ ಕೇಳಬೇಕು!"

"ಮುಂದಿನ ಶನಿವಾರ ಶಾಲೆಯೋರ ಜೊತೆ," ಎಂದ ದರ್ಜಿಯಣ್ಣ. "ಭಾನುವಾರ ನಾಟಕ ತಂಡದ ಜೊತೆ."

"ನನಗೂ ಶನಿವಾರವೇ ಬೇಕು," ಎಂದು ಚಿಕ್ಕಮ್ಮ ಗಿರಾಕಿಯ ಜೋರು ತೋರಿಸಿದಳು.

"ಆಗಲ್ಲಮ್ಮ, ಒಂದು ದಿನಕ್ಕೆ ಒಬ್ಬರೇ."

ನಿರ್ದೇಶಕರ ಮುಖ ಅರಳಿತು. ನನ್ನ ಎದೆಯ ಸುತ್ತಳತೆ ಆರು ಅಂಗುಲ ಹೆಚ್ಚಿತು. ಪಾರ್ಟಿನಲ್ಲಿ ಮೈಮರೆತ ಅವರು ಕೊಕ್ಕೆಯಿಂದ ನಿಜವಾದ ರಾಜಗಡ್ಡವನ್ನೇ ತೆಗೆದು ಮುಖಕ್ಕೆ ಒತ್ತಿಕೊಂಡರು.

ಗಡ್ಡ ಒದ್ದೆಯಾಗಿತ್ತು.

ಸೋಪಿನ ನೀರು ಅವರ ಗಲ್ಲದಿಂದ ಇಳಿದು, ಇಸ್ತ್ರಿ ಅಂಗಿಯ ಮೇಲೆ ನದಿಯಾಗಿ, ಬೂಟಿನೊಳಗೆ ಸಮುದ್ರ ಸೇರಿತು.

"ಇದೇನಾ ನಿಮ್ಮ ಶಾಸ್ತ್ರ?" ನಿರ್ದೇಶಕರು ಕೊರಳಿನ ಕಾರ್ಡು ತೆಗೆದು ಮೇಜಿನ ಮೇಲಿಟ್ಟು ಚೀಲ ಎತ್ತಿಕೊಂಡರು.

"ದಾರ ಯಾರು ಬಿಚ್ಚಿದ್ದು?"

ಯಾರದು ಈ ದನಿ ಎಂದು ಎಲ್ಲರೂ ತಿರುಗಿದೆವು. ಹಿಂದಿನ ಕೋಣೆಯ ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ, ಮೊಣಕೈವರೆಗೆ ನೊರೆ. ಅವನ ಕಣ್ಣು ನನ್ನ ಗೋಡೆಯ ಮೇಲಿತ್ತು.

"ನಾನೇ ಚಿಕ್ಕಪ್ಪ... ಗೆರೆ ಹಾಕೋಕೆ ಅಂತ..."

"ಕೆಂಪು ದಾರ ಇದ್ರೆ ಒದ್ದೆ ಅಂತ. ಬಾಡಿಗೆಯಿಂದ ವಾಪಸ್ ಬಂದ ಗಡ್ಡ ಒಗೀಬೇಕು. ನೆರಳಲ್ಲಿ ಎರಡು ದಿನ ಒಣಗಿಸಬೇಕು. ಬಿಸಿಲಿಗೆ ಹಾಕಿದ್ರೆ ಒಳಗಿನ ಬಟ್ಟೆ ಸುರುಟಿಕೊಳ್ಳುತ್ತೆ."

ಬಾಗಿಲು ದಾಟಿದ್ದ ನಿರ್ದೇಶಕರ ಒಂದು ಕಾಲು ಒಳಗೆ ಬಂತು. "ಹಾಗಾದ್ರೆ ಶನಿವಾರ ಹೋದ ಗಡ್ಡ ನನಗೆ ಭಾನುವಾರ?"

"ಕೊಡೋಕಾಗಲ್ಲ. ಬುಧವಾರ."

"ಮತ್ತೆ ಹಿಂದಿನ ತಿಂಗಳು?"

"ಇಬ್ಬರಿಗೂ ಒಂದೇ ದಿನ ಒಪ್ಪಿಕೊಂಡಿರಲಿಲ್ಲ. ಹಿಂದಿನ ದಿನ ಒಬ್ಬರು, ಮಾರನೇ ದಿನ ನೀವು. ಗಡ್ಡ ನನ್ನ ತೊಟ್ಟೀಲಿತ್ತು."

ಚಿಕ್ಕಮ್ಮ ಸೊಂಟಕ್ಕೆ ಕೈ ಇಟ್ಟಳು. "ರೀ! ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನನ್ನ ಯಾರು ಕೇಳಿದ್ರು?"

ನನ್ನ ಎದೆಯ ಆರು ಅಂಗುಲವೂ ಇಳಿದುಹೋಯಿತು. ಅಂಗಡಿಯಲ್ಲಿ ಗಡ್ಡಕ್ಕೂ ಪ್ರಶ್ನೆ ಕೇಳಿದ್ದ ನಾನು, ಗಡ್ಡ ಒಗೆಯುವವನನ್ನು ಕೇಳಿರಲಿಲ್ಲ. ಖಾಲಿ ಕಾರ್ಡೊಂದನ್ನು ತೆಗೆದು ಅವನ ಒದ್ದೆ ಕೊರಳಿಗೆ ಹಾಕಿದೆ.

"ಚಿಕ್ಕಪ್ಪ, ನಿನಗೇನು ಗೊತ್ತು? ನೀನೇನು ಮಾಡ್ತೀಯ?"

ಮೂವತ್ತು ವರ್ಷ ತಡೆಹಿಡಿದ ಮಾತು ಅಣೆಕಟ್ಟು ಒಡೆದಂತೆ ಹರಿಯಿತು. ಯಾವ ಕಿರೀಟದ ಮುಳ್ಳು ಬಾಗುತ್ತದೆ, ಯಾವ ನಿಲುವಂಗಿಯ ಬಣ್ಣ ಬಿಡುತ್ತದೆ, ಎಲ್ಲ ಬಂತು. ನಾನು ಬರೆದೂ ಬರೆದೂ ಪೆನ್ನಿನಿಂದ ಹೊಗೆ ಎದ್ದಿತು. 'ಒಗೆತ' ಎಂಬ ಹೊಸ ಕಾರ್ಡು ಗೋಡೆಗೇರಿತು. ಗಡ್ಡದ ಕಾರ್ಡಿಗೆ 'ನಾನು ಒದ್ದೆಯೋ ಒಣವೋ' ಎಂಬ ಸಾಲು ಸೇರಿತು.

"ಮತ್ತೆ ಮೊದಲಿಂದ!" ಎಂದು ನಿರ್ದೇಶಕರು ತಾವಾಗಿಯೇ ಕಾರ್ಡು ಹಾಕಿಕೊಂಡರು. ಶನಿವಾರ ಶಾಲೆಗೆ ಹೋಗಿ ಬಂದರು. ಭಾನುವಾರಕ್ಕೆ ಚಿಕ್ಕಮ್ಮ ಕೇಳಿದಾಗ ಅಂಗಡಿ ನಡುಗುವಂತೆ ಗರ್ಜಿಸಿದರು: "ನಾನು ಒದ್ದೆ! ಬರೋದಿಲ್ಲ!"

"ಹಾಗಾದ್ರೆ ನಿಮ್ಮ ತಂಡಕ್ಕೆ ಭಾನುವಾರ ಎರಡನೇ ಬಿಳಿ ಗಡ್ಡ, ಏಳನೇ ಕೊಕ್ಕೆ," ಎಂದ ದರ್ಜಿಯಣ್ಣ ತಡಮಾಡದೆ.

ನಿರ್ದೇಶಕರು ಜೇಬಿನಿಂದ ಪೆನ್ನು ತೆಗೆದರು. ಹನ್ನೆರಡು ನಾಟಕಗಳ ತಾರೀಖನ್ನೂ ಗೋಡೆಯ ಬುಕಿಂಗು ಕಾರ್ಡಿನ ಮೇಲೆ ತಾವೇ ಬರೆದರು. ಚಿಕ್ಕಮ್ಮ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸೆರಗು ಅಡ್ಡ ಇತ್ತು.

"ಒಂದು ಷರತ್ತು," ಎಂದರು ಅವರು ಬಾಗಿಲಲ್ಲಿ. "ಪ್ರೋಗ್ರಾಂ ಬರೋವರೆಗೂ ಕೆಂಪು ದಾರ ಕೊಕ್ಕೆ ಮೇಲೇ ಇರಲಿ."

ಅವರು ಹೋದ ಮೇಲೆ ಚಿಕ್ಕಪ್ಪ ಗೋಡೆಯಿಂದ ದಾರಗಳನ್ನೆಲ್ಲ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಯಾವುದು ಯಾವ ಕೊಕ್ಕೆಯದು ಎಂದು ನನಗೆಲ್ಲಿ ನೆನಪು?

"ಮುಟ್ಟಿ ನೋಡು," ಎಂದ. "ಕೈಗೆ ಒದ್ದೆ ತಿಳಿಯಲ್ಲ. ಕೆನ್ನೆಗೆ ಒತ್ತಿಕೋ."

ಆ ಸಂಜೆ ನಾನೊಬ್ಬಳೇ ನಾಲ್ಕು ಸಾವಿರ ಗಡ್ಡಗಳನ್ನು ಕೆನ್ನೆಗೆ ಒತ್ತಿ ನೋಡಿದೆ. ಚಿಕ್ಕಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೂ ಗಟ್ಟಿಯಾಗಿ ಎಣಿಸಿದಳು.

"ನಲವತ್ತು," ಎಂದಳು ಕೊನೆಗೆ.