ಒಂದು ನಿಮಿಷದ ನಾಡಿ

ಅಳವಂಡಿಯಲ್ಲಿ ಬಸ್ಸಿಳಿದಾಗ ರೇಣುಕಾದೇವಿಯ ಚೀಲದಲ್ಲಿ ವಿದ್ಯಾರ್ಥಿನಿ ಅತೀಯಾಳ ಮರುಪರೀಕ್ಷೆಯ ಅರ್ಜಿಯಿತ್ತು. ಕೊಡಲು ನಾಳೆಯೇ ಕೊನೆಯ ದಿನ. ಇಪ್ಪತ್ತೆರಡು ವರ್ಷ ನರ್ಸಿಂಗ್ ಪಾಠ ಹೇಳಿದವಳು, ಯಾವ ವಿದ್ಯಾರ್ಥಿನಿಯ ಮನೆಬಾಗಿಲಿಗೂ ಹೀಗೆ ಹೋದವಳಲ್ಲ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತ ಬಂದಿದ್ದಳು: ತಪ್ಪು ನಂದವ್ವ.

ಎರಡು ತಿಂಗಳ ಹಿಂದೆ ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ಅತೀಯಾ ಮತ್ತು ಅವಳ ಗೆಳತಿ ಸಹನಾ ಒಬ್ಬರ ಮಣಿಕಟ್ಟನ್ನೊಬ್ಬರು ಹಿಡಿದು, ತಲೆ ತಗ್ಗಿಸಿ ನಿಂತಿದ್ದರು. ತುಟಿ ಅಲುಗುತ್ತಿದ್ದವು. ಕೈಮೇಲೆ ಬರೆದುಕೊಂಡದ್ದನ್ನು ಓದುತ್ತಿದ್ದಾರೆಂದೇ ರೇಣುಕಾದೇವಿ ತಿಳಿದಳು. ಇಬ್ಬರನ್ನೂ ನಳದ ಹತ್ತಿರ ಎಳೆದೊಯ್ದು, ಎಲ್ಲರೆದುರು ಮೊಣಕೈತನಕ ಸೋಪು ಹಚ್ಚಿ ತೊಳೆಸಿದಳು. ಸಾಲಿನಲ್ಲಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ನೀರಿನಲ್ಲಿ ಶಾಯಿಯ ಸುಳಿವೂ ಇರಲಿಲ್ಲ. ಹೋಗಿ ಕೂತುಕೊಳ್ಳಿ ಎಂದಷ್ಟೇ ಹೇಳಿದಳು. ಸಹನಾ ಹೇಗೋ ಬರೆದಳು. ಅತೀಯಾ ಅರ್ಧ ಗಂಟೆ ಹಾಳೆ ನೋಡುತ್ತ ಕುಳಿತು, ಅದನ್ನು ಖಾಲಿಯಾಗಿಯೇ ಕೊಟ್ಟು ಹೊರಬಿದ್ದಳು. ಉಳಿದ ಪತ್ರಿಕೆಗಳಿಗೆ ಬರಲೇ ಇಲ್ಲ.

ಫಲಿತಾಂಶ ಬಂದ ಮೇಲೆ ಸಹನಾ ಹೇಳಿದಳು. ಹೆದರಿಕೆ ಇಳಿಯಲೆಂದು ಪ್ರತಿ ಪರೀಕ್ಷೆಗೂ ಮುಂಚೆ ಒಬ್ಬರ ನಾಡಿಯನ್ನೊಬ್ಬರು ಪೂರ್ತಿ ಒಂದು ನಿಮಿಷ ಎಣಿಸುತ್ತಿದ್ದರಂತೆ.

"ನೀವಽ ಹೇಳಿದ್ರಲ್ರಿ ಮೇಡಂ, ಫಸ್ಟ್ ಇಯರ್‌ದಾಗ. ಎದಿ ಡವಗುಟ್ಟಿದ್ರ ಇನ್ನೊಬ್ಬರ ನಾಡಿ ಹಿಡೀರಿ, ನಿಮ್ದು ತಾನಽ ಇಳಿತೈತಿ ಅಂತ."

ಹಾಗೆ ಹೇಳಿದ್ದು ರೇಣುಕಾದೇವಿಗೆ ನೆನಪೂ ಇರಲಿಲ್ಲ.

ಅಳವಂಡಿಯ ಮನೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ಅತೀಯಾ, ಮೇಡಂರನ್ನು ಕಂಡು ಎದ್ದು ಕುರ್ಚಿ ಹಾಕಿದಳು. ಅವಳ ತಾಯಿ ಹಸೀನಾಬೇಗಂ ಚಹಾ ತಂದಿಟ್ಟಳು.

"ಕೈ ತೊಳಕೊಂಡಽ ಮಾಡೇನ್ರಿ. ಕುಡೀರಿ."

ಹೇಳಬೇಕೆಂದು ಬಂದ ಮಾತನ್ನು ಬಿಟ್ಟು ರೇಣುಕಾದೇವಿ ಅರ್ಜಿ, ಸಹಿ, ಕೊನೆಯ ದಿನ ಎಂದು ಏನೇನೋ ವಿವರಿಸತೊಡಗಿದಳು. ಅತೀಯಾ ಪೂರ್ತಿ ಕೇಳಿಸಿಕೊಂಡಳು.

"ಪಾಠ ಎಲ್ಲಾ ಬರತಾವ್ರಿ ಮೇಡಂ. ಮನ್ಯಾಗ ಬರಿಯಾಕ ಕುಂತ್ರೂ ಆ ಸೋಪಿನ ವಾಸನಿ ಬರತೈತಿ. ಕೈ ತಣ್ಣಗಾಗಿಬಿಡತಾವು. ಬ್ಯಾಡ್ರಿ."

ಆದರೂ ರೇಣುಕಾದೇವಿ ಅರ್ಜಿಯನ್ನು ಅವಳ ಮುಂದೆ ಹಿಡಿದಳು. ಅತೀಯಾ ಅದನ್ನು ಮೆಲ್ಲಗೆ ತೆಗೆದುಕೊಂಡು, ಅವಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಗೋಡೆಯ ಗಡಿಯಾರ ನೋಡುತ್ತ ತುಟಿ ಅಲುಗಿಸಿದಳು. ಬೆರಳು ಸರಿಯಾದ ಜಾಗದಲ್ಲೇ ಕೂತಿದ್ದವು, ಒತ್ತಡವೂ ಎಷ್ಟು ಬೇಕೋ ಅಷ್ಟೇ. ಪೂರ್ತಿ ಒಂದು ನಿಮಿಷ. ಆ ನಿಮಿಷದಲ್ಲಾದರೂ ಹೇಳಿಬಿಡಬಹುದಿತ್ತು.

"ನೂರಾ ನಾಕು ಐತ್ರಿ," ಎಂದಳು ಅತೀಯಾ. "ಸ್ವಲ್ಪ ಕುಂತು ಹೋಗ್ರಿ. ಬಸ್ಸಿಗೆ ಇನ್ನಾ ಟೈಮ್ ಐತಿ."

ಬಸ್ಸು ಹತ್ತಿದ ಮೇಲೆ ಟಿಕೆಟಿಗೆಂದು ಚೀಲ ತೆರೆದರೆ ಅರ್ಜಿ ಒಳಗಿತ್ತು. ಅತೀಯಾ ಯಾವಾಗ ಇಟ್ಟಳೋ, ನಾಲ್ಕು ಮಡಿಕೆ ಮಾಡಿ, ನೀಟಾಗಿ. ಸಹಿಯ ಜಾಗ ಖಾಲಿಯಿತ್ತು.