ಎದೆಮಟ್ಟದ ಕೈ

ಚಾದರಗಳಿಗೆ ಇಸ್ತ್ರಿ ಮಾಡುವ ಉರುಳೆ ಯಂತ್ರದ ಮುಂದೆ ಕೈ ಸಿಕ್ಕದಂತೆ ಕಾಯುವ ತಡೆಕಂಬಿಯನ್ನು, ಕೆಲಸ ಬೇಗ ಸಾಗಲೆಂದು ಮಾಲೀಕ ಬಿಚ್ಚಿಸಿದ. ಒದ್ದೆ ಚಾದರ, ಅದನ್ನು ಯಂತ್ರಕ್ಕೆ ಕೊಡುತ್ತಿದ್ದ ಅವಳ ಬಲಗೈಗೆ ಸುತ್ತಿಕೊಂಡಿತು. ಉರುಳೆ ಚಾದರವನ್ನು ಎಳೆಯಿತು, ಜೊತೆಗೆ ಕೈಯನ್ನೂ. ಭುಜ ಕೀಲು ಬಿಟ್ಟಿತು.

ಲಾಂಡ್ರಿಯಲ್ಲಿ ಅವಳು ಎಲ್ಲರಿಗೂ ಮಡಿಕೆಯಕ್ಕ. ಅವಳು ಮಡಿಚಿದ ಅಂಚಿನಲ್ಲಿ ತರಕಾರಿ ಹೆಚ್ಚಬಹುದು ಎಂಬುದು ಅಲ್ಲಿನ ತಮಾಷೆ. ಅಂಥ ಮಡಿಕೆಯಕ್ಕನಿಗೆ ಈಗ ತನ್ನ ತಲೆಯನ್ನು ತಾನೇ ಬಾಚಿಕೊಳ್ಳಲು ಆಗದು. ದಿನಾ ಬೆಳಿಗ್ಗೆ ಅತ್ತೆಯ ಮುಂದೆ ಶಾಲೆಗೆ ಹೊರಟ ಹುಡುಗಿಯಂತೆ ಚಕ್ಕಳಮಕ್ಕಳ ಹಾಕಿ ಕೂರಬೇಕು.

"ನೀನು ಹೊಸ ಸೊಸೆಯಾಗಿ ಬಂದಾಗ್ಲೂ ನಾನು ನಿನಗೆ ಇಷ್ಟು ಸೇವೆ ಮಾಡಿರ್ಲಿಲ್ಲ ಕಣೇ," ಅತ್ತೆ ಸಿಕ್ಕು ಬಿಡಿಸುತ್ತಾ ಗೊಣಗುವಳು. "ತಲೆ ಆಡಿಸ್ಬೇಡ. ಮೊದ್ಲೇ ನನ್ನ ಬೆರಳು ನಡುಗ್ತವೆ."

"ಜಡೆ ಸೊಟ್ಟಗಿದ್ರೂ ಪರ್ವಾಗಿಲ್ಲ ಅತ್ತೆ."

"ನಿನಗಿಲ್ಲ ಮಹರಾಯ್ತಿ, ನನಗಿದೆ. ನಾಲ್ಕು ಜನ ನೋಡ್ತಾರೆ."

ಮಡಿಕೆಯಕ್ಕನಿಗೆ ಬೇಕಾಗಿದ್ದುದು ಇಷ್ಟೇ: ಕೈ ನೆತ್ತಿಗೆ ಮುಟ್ಟಬೇಕು, ತನ್ನ ಜಡೆ ತಾನು ಹೆಣೆದುಕೊಳ್ಳಬೇಕು.

ಮಾಲೀಕನೇ ಖಾಸಗಿ ಫಿಸಿಯೋ ಮೇಡಂ ಒಬ್ಬರನ್ನು ಮನೆಗೆ ಕಳಿಸಿದ. ಚಿಕ್ಕ ವಯಸ್ಸಿನವರು, ಮೃದು ಮಾತಿನವರು. ಬಂದ ದಿನವೇ ಊಟದ ಮೇಜಿನ ಕಾಲುಗಳ ಕೆಳಗೆ ಇಟ್ಟಿಗೆ ಇಡಿಸಿದರು. ಒದ್ದೆ ಟವೆಲ್‌ನ ಎರಡು ತುದಿ ಹಿಡಿದು ಎದೆಯವರೆಗೆ ಎತ್ತಬೇಕು, ಅಗಲಿಸಬೇಕು, ಮೇಜಿನ ಮೇಲೆ ಮುಂದಕ್ಕೆ ತಳ್ಳಬೇಕು.

"ಇದು ನಿಮಗೋಸ್ಕರಾನೇ ಮಾಡಿರೋ ಪ್ಲಾನ್ ಅಕ್ಕ. ಬೇರೆ ಯಾರಿಗೂ ಒಗ್ಗಲ್ಲ."

ತನಗೋಸ್ಕರ! ಆ ಮಾತು ಅವಳ ಹೊಟ್ಟೆಯೊಳಗೆ ತಣ್ಣಗೆ ಇಳಿಯಿತು. ಹೇಳಿದ್ದಕ್ಕಿಂತ ಹೆಚ್ಚೇ ಮಾಡಿದಳು. ಮೇಡಂ ಇಲ್ಲದಾಗ ಟವೆಲ್ ಬಿಟ್ಟು ಒದ್ದೆ ಚಾದರವನ್ನೇ ಎತ್ತಿದಳು, ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು. "ಮನೇನೇ ಲಾಂಡ್ರಿ ಮಾಡ್ಬಿಟ್ಟೆ," ಎಂದು ಅತ್ತೆ ನಕ್ಕಳು. ಇವಳೂ ನಕ್ಕಳು.

ಕೈ ಎದೆಯವರೆಗೆ ಬಂತು. ಅಲ್ಲೇ ನಿಂತಿತು. ಅದರಾಚೆ ಎತ್ತಹೋದರೆ ಭುಜ ತುಕ್ಕು ಹಿಡಿದ ಬಾಗಿಲಿನಂತೆ ಬಿಗಿದುಕೊಳ್ಳುತ್ತಿತ್ತು.

"ಇಲ್ಲಿಂದ ಮೇಲಕ್ಕೆ ಯಾವಾಗ ಮೇಡಂ?"

ಮೇಡಂ ಟವೆಲ್ ಹಿಂಡುತ್ತಾ ನಿಂತರು. "ಪ್ಲಾನ್ ಇಲ್ಲಿವರೆಗೇ ಇರೋದು ಅಕ್ಕ. ನಿಮ್ಮ ಕೆಲಸಕ್ಕೆ ಇಷ್ಟು ಸಾಕು."

"ಕೆಲಸಕ್ಕಾ?"

"ನಾನೇ ಲಾಂಡ್ರಿಗೆ ಹೋಗಿ ಯಂತ್ರದ ಎತ್ತರ ಅಳೆದು ಬಂದಿದ್ದೆ. ಈ ಇಟ್ಟಿಗೆ ಮತ್ತೆ ಯಾಕೆ ಅಂದ್ಕೊಂಡ್ರಿ?" ಮೇಡಂ ದನಿಯಲ್ಲಿ ಕೆಲಸ ಅಚ್ಚುಕಟ್ಟಾಗಿ ಮಾಡಿದವರ ಹೆಮ್ಮೆಯಿತ್ತು. "ಟೇಪನ್ನ ನೆಲದಿಂದ ಸೀದಾ ಉರುಳೆವರೆಗೆ ಹಿಡಿದು ಅಳೆದೆ."

"ಕಂಬಿ ಅಡ್ಡ ಬರ್ಲಿಲ್ವಾ?"

"ಯಾವ ಕಂಬಿ?"

ಮಡಿಕೆಯಕ್ಕ ಮೇಜಿನ ಅಂಚು ಹಿಡಿದು ನಿಂತಳು. ಇಷ್ಟು ದಿನ ತನ್ನ ಮನೆಯೊಳಗೇ ಆ ಯಂತ್ರದ ಮುಂದೆ ನಿಂತಿದ್ದಳು. ಟವೆಲ್ ಬಿಟ್ಟು ಚಾದರ ಎತ್ತೆಂದು ಯಾರೂ ಹೇಳಿರಲಿಲ್ಲ, ತಾನಾಗಿಯೇ ಎತ್ತಿದ್ದಳು.

"ಆ ತಡೆಕಂಬಿ ಮತ್ತೆ ಹಾಕಿಸಿ ಅಂತ ಮಾಲೀಕರಿಗೆ ಹೇಳಿ ಮೇಡಂ. ನೆತ್ತಿವರೆಗೆ ಕೈ ಬರೋ ಹಾಗೆ ಮಾಡಿ."

"ನನ್ನ ಕೈಲಿ ಏನಿದೆ ಅಕ್ಕ? ನಾನು ಆಗಲ್ಲ ಅಂದ್ರೆ ಇನ್ನೊಬ್ಬರನ್ನ ಕಳಿಸ್ತಾರೆ. ಅವರು ಇಷ್ಟೂ ಮಾಡಲ್ಲ." ಮೇಡಂ ಮುಖ ಬಾಡಿತ್ತು. ಆದರೂ ಮೊಬೈಲ್ ತೆಗೆದು ಮೇಜಿನ ತುದಿಯಲ್ಲಿ ಲೋಟಕ್ಕೆ ಒರಗಿಸಿದರು. "ಮಾಲೀಕರಿಗೆ ಒಂದು ವಿಡಿಯೋ ಕಳಿಸ್ಬೇಕಂತೆ. ನೀವು ಗುಣ ಆಗಿರೋದು ಕಂಡ್ರೆ ಸಾಕು, ಸೋಮವಾರದಿಂದ ಬನ್ನಿ ಅಂದಿದ್ದಾರೆ. ಒಂದ್ಸಲ, ಒಂದೇ ಸಲ, ಟವೆಲ್ ಎತ್ತಿ ತಳ್ಳಿಬಿಡಿ."

ಬಾಚಣಿಗೆ ಹಿಡಿದು ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಸೊಸೆ ಎತ್ತದಿದ್ದರೆ ನಾಳೆಯಿಂದ ಮೇಡಂ ಇಲ್ಲ, ಲಾಂಡ್ರಿಯೂ ಇಲ್ಲ. ಎತ್ತಿದರೆ ಕಂಬಿಯಿಲ್ಲದ ಉರುಳೆ. ಅತ್ತೆಗೂ ಗೊತ್ತಿತ್ತು.

ಮಡಿಕೆಯಕ್ಕ ಟವೆಲ್ ತೆಗೆದುಕೊಂಡಳು. ಎಡಗೈಯಿಂದ ಮೇಜಿನ ಮೇಲೆ ಹರಡಿ, ಅಂಚಿಗೆ ಅಂಚು ಕೂಡಿಸಿ ಮಡಿಚಿ, ಮೇಡಂ ಮುಂದೆ ಸರಿಸಿದಳು.

"ಎತ್ತಿ ಅಕ್ಕ, ರೆಕಾರ್ಡ್ ಆಗ್ತಿದೆ."

"ಆಗ್ಲಿ ಬಿಡಿ," ಎಂದಳು. "ನಾನು ಎತ್ತಲ್ಲ."